ಮಖೆಗೂ ಹುಬ್ಬೆಗೂ ನಡುವೆ

ಮುಕ್ಕುಂದದ ಹೊಳೆದಂಡೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿದೆ. ಸಿಂಧನೂರಿನಿಂದ ದಾರಿಯುದ್ದಕ್ಕೂ ಜೊತೆಗಿದ್ದದ್ದು ತೆನೆ ಬಾಗಿದ ಭತ್ತ, ಕೆಸರಿನ ವಾಸನೆ, ಸಾಲುಗಟ್ಟಿದ ಬೆಳ್ಳಕ್ಕಿ. ಮಾರ್ಚ್ ಕೊನೆಯ ತುಂಗಭದ್ರೆ ಸೊರಗಿದ್ದಾಳೆ. ಬಂಡೆಗಳ ಸಂದಿಯಲ್ಲಿ ಗುಳುಗುಳು ಸದ್ದಷ್ಟೇ. ಚಪ್ಪಲಿ ಕೈಲಿ ಹಿಡಿದು ದೊಡ್ಡದೊಂದು ಬಂಡೆ ಏರುತ್ತೇನೆ. ದಿನವಿಡೀ ಕುಡಿದ ಬಿಸಿಲನ್ನು ಅದು ಅಂಗಾಲಿಗೆ ಮರಳಿಸುತ್ತಿದೆ.

ಮೂರು ರಾತ್ರಿಯ ಹಿಂದೆ ಹೊಸಕೋಟೆಯಲ್ಲಿದ್ದೆ. ಹೊರಗೆ ಲಾರಿಗಳ ಹಾರ್ನು. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೋಣೆಯೊಳಗೆ ಲಡಾಖಿನ ಆಕಾಶ! ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ ನಿಂತ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹದ ಕೊಂಡಿಯಿಂದ ಇಲ್ಲೇ ಕೂತು ತಿರುಗಿಸುತ್ತಾರೆ. ಅದರ ಕನ್ನಡಿ 2 ಮೀಟರ್ ಅಗಲ. ಪರದೆಯ ಮೇಲೆ ರವೆ ಚೆಲ್ಲಿದಂಥ ಚುಕ್ಕೆಗಳು.

2003ರ ಮಾರ್ಚ್ 29, ನಮ್ಮ ಗಡಿಯಾರದಲ್ಲಿ ಸಂಜೆ 5 ಗಂಟೆ 7 ನಿಮಿಷ. ಸಿಂಹ ರಾಶಿಯ ಕಡೆಯಿಂದ ಗಾಮಾ ಕಿರಣಗಳ ಹೊಡೆತವೊಂದು ಬಂತು. ಅರ್ಧ ನಿಮಿಷದಷ್ಟು ಇದ್ದು ನಿಂತಿತು. ಭಾರಿ ನಕ್ಷತ್ರವೊಂದರ ಸಾವು ಅದು. ಹಿಂದೆ ಉಳಿದ ಹೊಳಪನ್ನು ಹಾನ್ಲೆಯ ಕನ್ನಡಿಯೂ ಬೆನ್ನಟ್ಟಿತು. ಆಮೇಲಿನದು ಕಾಯುವ ಕೆಲಸ. ಹೊಳಪು ದಿನದಿನಕ್ಕೆ ಆರುತ್ತದೆ. ಪೂರ್ತಿ ಆರಿದ ಮೇಲೆ ಅದೇ ಜಾಗದ ಚಿತ್ರ ಮತ್ತೆ ತೆಗೆಯಬೇಕು. ಆಗಲೂ ಮಾಸದೆ ಉಳಿದ ಮಂಕು ಕಲೆಯೇ ಸತ್ತ ನಕ್ಷತ್ರದ ತವರು ಗ್ಯಾಲಕ್ಸಿ. ಈ ಸ್ಫೋಟದ ತವರು ಸಿರಿವಂತವಲ್ಲ: ಹೊಸ ನಕ್ಷತ್ರ ಹೆರುತ್ತಲೇ ಇರುವ ಕುಬ್ಜ ಗ್ಯಾಲಕ್ಸಿ. ಅದರ ಬೆಳಕು ಎಷ್ಟು ಕೆಂಪಿಗೆ ಸರಿದಿದೆ ಎಂದು ಅಳೆದು ದೂರ ಹೇಳುತ್ತಾರೆ. ಹೊರಟು ಸುಮಾರು 200 ಕೋಟಿ ವರ್ಷವಾದ ಬೆಳಕು ಅದು.

ಟಾರ್ಚಿನ ಬೆಳಕೊಂದು ಕುಣಿಯುತ್ತ ಹತ್ತಿರ ಬರುತ್ತದೆ. ಗದ್ದೆಗೆ ನೀರು ಕಟ್ಟಿ ಬಂದ ಹಿರಿಯರು.

“ಏನ್ ನೋಡಾಕತ್ತೀರಿ?”

“ಆ ನಕ್ಷತ್ರ ಸತ್ತ ಜಾಗ. ಅಲ್ಲಿ, ಮಖೆಗೂ ಹುಬ್ಬೆಗೂ ನಡುವೆ.”

“ಅವು ಮಳಿ ಅಲ್ಲೇನ್ರಿ?”

ನಗು ಬರುತ್ತದೆ. ಮಳೆಗೆ ಹೆಸರು ಕೊಟ್ಟ ಚುಕ್ಕೆಗಳನ್ನು ಬೆರಳು ಮಾಡಿ ತೋರಿಸುತ್ತೇನೆ. ಟಾರ್ಚು ಆರಿಸಿ ಅವರೂ ಕೂರುತ್ತಾರೆ, ನೆತ್ತಿಗೆ ಕಣ್ಣು ನೆಟ್ಟು. ಕಪ್ಪೆಗಳ ವಟಗುಟ್ಟುವಿಕೆ ಒಮ್ಮೆ ನಿಂತು ಮತ್ತೆ ಶುರುವಾಗುತ್ತದೆ.

ಪಕ್ಕದ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು 1915ರಲ್ಲಿ ಸಿಕ್ಕಿತು. ಅದನ್ನು ಕೊರೆದಾಗ ಆ ಸ್ಫೋಟದ ಬೆಳಕು ನಮ್ಮ ಹೊಸ್ತಿಲಿಗೇ ಬಂದಿತ್ತು ಅನ್ನಬೇಕು. 200 ಕೋಟಿಯ ಮುಂದೆ ಎರಡೂಕಾಲು ಸಾವಿರ ವರ್ಷ ಯಾವ ಲೆಕ್ಕ! ಆದರೆ ಈ ಸೀಮೆಯ ಕಣಶಿಲೆಗೆ ಸುಮಾರು 250 ಕೋಟಿ ವರ್ಷ. ಬೆಳಕು ಅಲ್ಲಿಂದ ಹೊರಟಾಗ ನಮ್ಮ ಕೆಳಗಿನ ಕಲ್ಲು ಆಗಲೇ ಹಳೆಯದಾಗಿತ್ತು. ಹೊಸಕೋಟೆಯ ಪರದೆ ನನಗೆ ಇದನ್ನು ಹೇಳಿರಲಿಲ್ಲ.

ನೀವು ಬರುವುದಾದರೆ ಮಾರ್ಚ್ ಕೊನೆಗೆ ಬನ್ನಿ. ರಾತ್ರಿ ಹತ್ತರ ಹೊತ್ತಿಗೆ ಆ ಜಾಗ ನೆತ್ತಿಯ ಹತ್ತಿರ ಇರುತ್ತದೆ. ಗ್ಯಾಲಕ್ಸಿ ಬರಿಗಣ್ಣಿಗೆ ಕಾಣುವುದಿಲ್ಲ. ಬಂಡೆ ಮಾತ್ರ ಆಗಲೂ ಬೆಚ್ಚಗಿರುತ್ತದೆ.