ಮಾತಿಲ್ಲದ ರೋಗಿಯ ಮುಂದೆ

ಮನುಷ್ಯನು ತನ್ನ ನೋವನ್ನು ಬಾಯಿಬಿಟ್ಟು ಹೇಳಬಲ್ಲನು. ಹಸುಳೆಯು ಅತ್ತು ತಿಳಿಸಬಲ್ಲದು. ದನವಾದರೋ ತಲೆ ತಗ್ಗಿಸಿ ನಿಲ್ಲುತ್ತದೆ, ಮೇವನ್ನು ಮುಟ್ಟುವುದಿಲ್ಲ, ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ. ಆ ಮೌನವನ್ನು ಓದಬಲ್ಲವನೇ ಪಶುವೈದ್ಯ. ಆ ಓದನ್ನು ಹತ್ತಾರು ಮಂದಿಗೆ ಕಲಿಸುವವನು ಪಶುವೈದ್ಯಶಾಸ್ತ್ರದ ಪ್ರಾಧ್ಯಾಪಕ.

ಈ ವಿದ್ಯೆಗೆ ಶಾಲೆಯೊಂದು ಹುಟ್ಟಿದ್ದು ಸಂಕಟದಿಂದ. ಹದಿನೆಂಟನೆಯ ಶತಮಾನದಲ್ಲಿ ಯುರೋಪಿನ ದನಗಳು ದೊಡ್ಡರೋಗಕ್ಕೆ ತುತ್ತಾಗಿ ಹಿಂಡುಹಿಂಡಾಗಿ ಸಾಯುತ್ತಿದ್ದವು. ಆಗ ಫ್ರಾನ್ಸಿನ ಕ್ಲಾಡ್ ಬೂರ್ಜೆಲಾ ಎಂಬಾತನು 1761ರಲ್ಲಿ ಲಿಯೋನ್ ನಗರದಲ್ಲಿ ಪಶುವೈದ್ಯ ಶಾಲೆಯನ್ನು ಸ್ಥಾಪಿಸಿದನು. ಜಗತ್ತಿನ ಮೊದಲ ಪಶುವೈದ್ಯ ಶಾಲೆಯೆಂದು ಅದು ಹೆಸರಾಗಿದೆ.

ನಮ್ಮ ನಾಡಿನ ಉತ್ತರದ ತುದಿಯಲ್ಲಿರುವ ಬೀದರಿನಲ್ಲಿ ಪಶುವೈದ್ಯ ಮಹಾವಿದ್ಯಾಲಯವು 1985ರಲ್ಲಿ ಆರಂಭವಾಯಿತು. 2004ರ ಕಾಯಿದೆಯ ಮೂಲಕ ರೂಪುಗೊಂಡ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಬೀದರೇ ನೆಲೆಯಾಯಿತು. ಅದರ ಆವರಣಕ್ಕೆ ನಂದಿನಗರವೆಂದು ಹೆಸರು. ಎತ್ತನ್ನು ನಂಬಿ ಬಾಳಿದ ಸೀಮೆಯಲ್ಲಿ ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ.

ಭಾಲ್ಕಿ, ಔರಾದ ತಾಲ್ಲೂಕುಗಳ ಕಪ್ಪುನೆಲದಲ್ಲಿ ಜೋಳ, ತೊಗರಿ, ಉದ್ದು ಬೆಳೆಯುತ್ತವೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಬವಣೆ. ಈ ಭಾಗದ ಹೆಮ್ಮೆಯ ದನ ದೇವಣಿ. ಮೈಯೆಲ್ಲ ಬಿಳಿಯಾದುದು ಬಾಲಂಕ್ಯಾ; ಬಿಳಿ ಮೈಗೆ ಮುಖದಲ್ಲಿ ಮಾತ್ರ ಕಪ್ಪಿರುವುದು ವಾನೇರಾ; ಕಪ್ಪುಬಿಳುಪಿನ ಮಚ್ಚೆಯುಳ್ಳದ್ದು ಶೇವರಾ. ಎತ್ತು ಉಳುಮೆಗೆ ಗಟ್ಟಿ. ಹಸು ಮನೆಗೆ ಹಾಲು ಕೊಡುತ್ತದೆ. ಬಿಸಿಲನ್ನೂ ಒಣಮೇವನ್ನೂ ಸಹಿಸಿ ಬದುಕುವುದು ಈ ತಳಿಯ ದೊಡ್ಡ ಗುಣ.

ಇಂಥ ಸೀಮೆಯ ಪ್ರಾಧ್ಯಾಪಕನ ದಿನವು ಕರಿಹಲಗೆಯ ಮುಂದೆ ಮಾತ್ರ ಕಳೆಯುವುದಿಲ್ಲ. ವಿದ್ಯಾರ್ಥಿಗಳನ್ನು ಕೊಟ್ಟಿಗೆಗೆ ಕರೆದೊಯ್ದು ಅವನು ಹೇಳಿಕೊಡುವ ಮೊದಲ ಪಾಠ, ಮುಟ್ಟುವ ಮುನ್ನ ನೋಡಬೇಕೆಂಬುದು. ದನ ನಿಂತಿರುವ ಬಗೆ, ಕಿವಿಯ ಚಲನೆ, ಮೂಗಿನ ತೇವ, ಸಗಣಿಯ ಹದ, ಇವೆಲ್ಲ ಅವನಿಗೆ ಅಕ್ಷರಗಳು. ಬಾಲದ ಬುಡದಲ್ಲಿ ನಾಡಿಯನ್ನು ನೋಡಬೇಕು. ಎಡಪಕ್ಕೆಯ ಮೇಲೆ ಮುಷ್ಟಿಯನ್ನಿಟ್ಟು, ಮೆಲುಕಿನ ಚೀಲವು ನಿಮಿಷಕ್ಕೆ ಒಂದೆರಡು ಬಾರಿ ಅಲುಗುವುದನ್ನು ಅರಿಯಬೇಕು. ಬಳಿಕ ಒಡೆಯನನ್ನು ವಿಚಾರಿಸಬೇಕು. ಆ ಒಡೆಯನು ಕನ್ನಡದಲ್ಲಿ ಮಾತನಾಡಬಹುದು, ಮರಾಠಿಯಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿಯೂ ಮಾತನಾಡಬಹುದು. ಗಡಿನಾಡಿನ ವೈದ್ಯನಿಗೆ ಔಷಧದಷ್ಟೇ ಭಾಷೆಯೂ ಬೇಕು.

ಈ ಕೆಲಸದಲ್ಲಿ ಅಪಾಯವುಂಟು. ಹುಚ್ಚುರೋಗ ತಗಲಿದ ದನದ ಜೊಲ್ಲು ಗಾಯಕ್ಕೆ ತಾಗಿದರೆ ವೈದ್ಯನ ಪ್ರಾಣಕ್ಕೇ ಸಂಚಕಾರ. ಕಂದು ಹಾಕಿದ ಹಸುವಿನ ಸೇವೆಯಲ್ಲಿ ಕಂದುರೋಗ ಅವನಿಗೂ ಅಂಟಬಹುದು. ಅದಕ್ಕಿಂತ ಕಠಿಣವಾದುದು ಮನಸ್ಸಿನ ಭಾರ. ಬಿತ್ತನೆಯ ವಾರದಲ್ಲಿ ಬಡವನ ಎತ್ತು ಕೆಳಗೆ ಬಿದ್ದರೆ ಅವನ ವರ್ಷವೇ ಬಿದ್ದಂತೆ. ಬೆಲೆಬಾಳುವ ಚಿಕಿತ್ಸೆ ಪುಸ್ತಕದಲ್ಲಿರುತ್ತದೆ. ಅದನ್ನು ಕೊಳ್ಳುವ ಹಣ ರೈತನಲ್ಲಿರುವುದಿಲ್ಲ. ಕೈಗೆಟಕುವ ಉಪಾಯವನ್ನು ಹುಡುಕುವುದೂ, ಉಳಿಯದ ಜೀವದ ಬಗ್ಗೆ ನಿಜವನ್ನು ಮೃದುವಾಗಿ ನುಡಿಯುವುದೂ ವೈದ್ಯವಿದ್ಯೆಯೇ ಎಂದು ಒಳ್ಳೆಯ ಗುರು ಕಲಿಸುತ್ತಾನೆ.

ಮತ್ತೊಂದು ಚಿಂತೆಯೂ ಅವನದಾಗಿದೆ. ಟ್ರ್ಯಾಕ್ಟರ್ ಬಂದಮೇಲೆ ಎತ್ತಿನ ಅಗತ್ಯ ಕುಗ್ಗಿತು. ಹೆಚ್ಚು ಹಾಲಿನ ಆಸೆಯಿಂದ ಮಿಶ್ರತಳಿ ಬಂದಿತು. ರೈತನ ಲಾಭವನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಶತಮಾನಗಳ ಬಿಸಿಲು ತಿದ್ದಿದ ತಳಿಯೊಂದು ಅಳಿದರೆ ಅದನ್ನು ಮರಳಿ ಸೃಷ್ಟಿಸುವ ಪ್ರಯೋಗಶಾಲೆ ಎಲ್ಲಿಯೂ ಇಲ್ಲ.

ಈ ತಾಳ್ಮೆಯ ದುಡಿಮೆಗೆ ಫಲವಿಲ್ಲವೆ? ಇದೆ. ಇಂಗ್ಲೆಂಡಿನ ವಾಲ್ಟರ್ ಪ್ಲೋರೈಟ್ ಆಫ್ರಿಕದ ಕೀನ್ಯಾದಲ್ಲಿ ದುಡಿದು ದೊಡ್ಡರೋಗಕ್ಕೆ ಉತ್ತಮವಾದ ಲಸಿಕೆಯನ್ನು ಸಿದ್ಧಪಡಿಸಿದನು. ಮುಂದೆ ಲಂಡನ್ನಿನಲ್ಲಿ ಪ್ರಾಧ್ಯಾಪಕನೂ ಆದನು. ಹಳ್ಳಿಹಳ್ಳಿಗೆ ಲಸಿಕೆಯನ್ನು ಒಯ್ದವರು ಹೆಸರಿಲ್ಲದ ಸಾವಿರಾರು ಪಶುವೈದ್ಯರು. ಭಾರತದಲ್ಲಿ 1995ರ ಬಳಿಕ ಆ ರೋಗ ಕಾಣಲಿಲ್ಲ. 2011ರಲ್ಲಿ ಅದು ಭೂಮಿಯಿಂದಲೇ ತೊಲಗಿತೆಂದು ಜಗತ್ತು ಸಾರಿತು. ಲಿಯೋನಿನ ಶಾಲೆಗೆ ಅಂದು ಸರಿಯಾಗಿ 250 ವರ್ಷ.

ಇಂದು ಔರಾದದ ಹುಡುಗನಿಗೆ ದೊಡ್ಡರೋಗವೆಂದರೇನೆಂದು ಗೊತ್ತಿಲ್ಲ. ಹೆಸರೇ ಮರೆತುಹೋಗುವಂತೆ ಒಂದು ರೋಗವನ್ನು ಅಳಿಸಿದ ಗುರುಶಿಷ್ಯರಿಗೆ ಇದಕ್ಕಿಂತ ಮಿಗಿಲಾದ ಸ್ಮಾರಕ ಬೇಕಿಲ್ಲ.