ಓಮ್ನಿಗೊಂದು ಕೊಟ್ಟಿಗೆ

ಹಲಸಿನ ಮರದ ಕೆಳಗೆ ಕಾರು ನಿಲ್ಲಿಸಬಾರದು ಅಂತ ಯಾರಿಗಾದ್ರೂ ಹೇಳಿಕೊಡಬೇಕಾ? ನಮ್ಮನೇಲಿ ಆರು ವರ್ಷ ಅಲ್ಲೇ ನಿಲ್ಲಿಸಿದ್ವಿ.. ಅಂಗಳದ ಆಚೆ ತುದಿಗೆ ಇರೋದು ಅದೊಂದೇ ಮರ. ಬೇಸಿಗೆಗೆ ತಂಪು ಅಂತ ಅಪ್ಪ ಓಮ್ನೀನ ಅದರ ಬುಡಕ್ಕೆ ತಂದು ನಿಲ್ಲಿಸೋದು ರೂಢಿ. ಮೇ ತಿಂಗಳು ಬಂತು ಅಂದ್ರೆ ದಿನಾ ಬೆಳಿಗ್ಗೆ ಕತ್ತೆತ್ತಿ ನೋಡಿ, ಯಾವ ಹಣ್ಣು ಬಿದ್ರೆ ಎಲ್ಲಿಗೆ ಬೀಳತ್ತೆ ಅಂತ ಅಂದಾಜು ಮಾಡಿ, ಕಾರನ್ನ ಎರಡಡಿ ಆಚೆ ಮೂರಡಿ ಈಚೆ ಸರಿಸೋರು. 2022ರಲ್ಲಿ ಒಂದು ದಿನ ಲೆಕ್ಕ ತಪ್ಪಿತು. ಛಾವಣಿ ಮೇಲೆ ಊಟದ ತಟ್ಟೆಯಷ್ಟು ಅಗಲದ ಗುಂಡಿ. ಅಪ್ಪ ಏನೂ ತಲೆ ಕೆಡಿಸಿಕೊಳ್ಳಲಿಲ್ಲ. ಒಳಗೆ ಅಂಗಾತ ಮಲಗಿ ಕಾಲಲ್ಲಿ ಒದ್ದರು, 'ಡೊಬ್' ಅಂತ ಸದ್ದು ಮಾಡಿ ಅರ್ಧ ಗುಂಡಿ ವಾಪಸ್ ಬಂತು. ಉಳಿದರ್ಧ ಇವತ್ತಿಗೂ ಇದೆ. ಹಣ್ಣು ಮಾತ್ರ ಚೆನ್ನಾಗಿತ್ತು :)

ಓಮ್ನಿ ಗೊತ್ತಲ್ಲ, ಬ್ರೆಡ್ಡಿನ ಹಾಗೆ ಚೌಕಾಕಾರದ್ದು. 1984ರಿಂದ ತಯಾರಾಗ್ತಿದ್ದಿದ್ದು 2019ಕ್ಕೆ ನಿಂತು ಹೋಯ್ತು. ಅಪ್ಪ 2016ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಸೀಟು ಬಿಚ್ಚಿಟ್ರೆ ಅಡಿಕೆ ಮೂಟೆ, ಗೊಬ್ಬರ, ಒಮ್ಮೊಮ್ಮೆ ನೆಂಟರು, ಎಲ್ಲಾ ಹಿಡಿಯತ್ತೆ. ಅದನ್ನ ಮಾರಿ ಒಂದು ಒಳ್ಳೆ ಕಾರು ತಗೊಳ್ಳಿ, ನಾನು ಕಂತು ಕಟ್ತೀನಿ ಅಂತ ಬೆಂಗಳೂರಿಂದ ಫೋನಲ್ಲಿ ದೊಡ್ಡಸ್ತಿಕೆ ಹೇಳ್ತಾನೇ ಇದ್ದೆ. ಫೋನಲ್ಲಿ ಹೇಳೋಕೆ ಏನು ಖರ್ಚು..

ಅದರ ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಈ ಕತೆಗೆಲ್ಲ ಅದೇ ಮೂಲ. ಮಳೆಗಾಲದ ರಾತ್ರಿ ಹೊರಗೆಲ್ಲ ತೊಯ್ದು ತೊಪ್ಪೆಯಾಗಿರುವಾಗ ಸೀಟಿನ ಕೆಳಗೆ ಮಾತ್ರ ಒಣಕಲು, ಬೆಚ್ಚಗೆ, ಕತ್ತಲೆ. ಮರದ ಬುಡದಲ್ಲಿ ಹಲಸಿನ ಬೀಜ ಬೇಕಾದಷ್ಟು. ಇಲಿಗೆ ಇನ್ನೇನು ಬೇಕು ಹೇಳಿ.

2023ರ ಜುಲೈ. ಎರಡು ದಿನದಿಂದ ಕರೆಂಟಿಲ್ಲ, ಮೊಬೈಲ್ ಟವರೂ ಸತ್ತಿತ್ತು. ರಾತ್ರಿ ಒಂದೂವರೆಗೆ ಅಮ್ಮನಿಗೆ ಉಬ್ಬಸ ಜೋರಾಯ್ತು. ಪಂಪು ಹೊಡೆದುಕೊಂಡ್ರೂ ಇಳೀಲಿಲ್ಲ. ನೂರಾ ಎಂಟಕ್ಕೆ ಫೋನ್ ಮಾಡೋಣ ಅಂದ್ರೆ ಸಿಗ್ನಲ್ ಇಲ್ಲ. ಅಪ್ಪ ಅಮ್ಮನನ್ನ ಎತ್ತಿಕೊಂಡು ಬಂದು ಓಮ್ನಿಯಲ್ಲಿ ಕೂರಿಸಿ ಕೀ ತಿರುಗಿಸಿದ್ರೆ ಟಿಕ್ ಅಂತ ಕೂಡ ಅನ್ನಲಿಲ್ಲ. ಸೀಟು ಎತ್ತಿ ಟಾರ್ಚು ಬಿಟ್ಟರೆ ವೈರುಗಳು ಶ್ಯಾವಿಗೆ ಹಾಗೆ ತುಂಡು ತುಂಡು. ಅಮ್ಮನನ್ನ ಅಲ್ಲೇ ಕೂರಿಸಿ ಅಪ್ಪ ಆ ಮಳೇಲಿ ಕೆಳಗಿನ ಮನೆ ಚಿಕ್ಕಪ್ಪನ ಬಾಗಿಲಿಗೆ ಓಡಿದ್ದಾರೆ. ಅವರು ಪಿಕಪ್ ತಂದು, ಕೊಪ್ಪ ಮುಟ್ಟಿಸೋ ಹೊತ್ತಿಗೆ ಮೂರು ಗಂಟೆ ದಾಟಿತ್ತಂತೆ.

ಅಮ್ಮ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಹುಷಾರಾಗಿ ಬಂದರು. ನನಗೆ ವಿಷಯ ಗೊತ್ತಾಗಿದ್ದೇ ಮಾರನೇ ದಿನ ಮಧ್ಯಾಹ್ನ. ಅಪ್ಪ ಆ ರಾತ್ರಿ ಬಗ್ಗೆ ಹೆಚ್ಚು ಮಾತಾಡೋದಿಲ್ಲ. "ಒಬ್ಬಳನ್ನೇ ಕಾರಲ್ಲಿ ಬಿಟ್ಟು ಹೋದೆ" ಅಂತ ಒಂದು ಸಲ ಹೇಳಿದ್ರು, ಅಷ್ಟೆ.

ಆಮೇಲೆ ಶುರುವಾಯ್ತು ನೋಡಿ ಇಲಿ ಓಡಿಸೋ ಕಾರ್ಯಕ್ರಮ. ನುಸಿಗುಳಿಗೆ, ಹೊಗೆಸೊಪ್ಪು, ಸೀಟಿನ ಕೆಳಗೆ ಇಲಿ ಬೋನು. ಕಾರಿನೊಳಗೆ ಕೂತರೆ ಹಳೇ ಬೀರುವಿನೊಳಗೆ ಕೂತ ಹಾಗಾಗ್ತಿತ್ತು. ಅಡಿಕೆ ಮುಚ್ಚೋ ಟಾರ್ಪಾಲು ತಂದು ಕಾರಿಗೆ ಸುತ್ತಿದ್ದೂ ಆಯ್ತು. ಅದಂತೂ ಶುದ್ಧ ತಪ್ಪು. ನೆಲದ ಪಸೆ ಮೇಲೇಳ್ತದೆ, ಗಾಳಿ ಆಡೋದಿಲ್ಲ, ಬೆಳಗಾದ್ರೆ ಟಾರ್ಪಾಲಿನ ಒಳಮೈಯೆಲ್ಲ ನೀರ ಹನಿ. ಒಂದು ಮಳೆಗಾಲದಲ್ಲಿ ಬಾಗಿಲ ಕೆಳಗೆ ಹಿಡಿದ ತುಕ್ಕು ಅದಕ್ಕೂ ಮೊದಲಿನ ಆರು ವರ್ಷದಲ್ಲಿ ಹಿಡಿದಿರಲಿಲ್ಲ. ಮಳೆಗಾಲದಲ್ಲಿ ಕಾರಿಗೆ ಮೈಮುಚ್ಚೋ ಬಟ್ಟೆಗಿಂತ ತಲೆ ಮೇಲೊಂದು ಸೂರು, ಸುತ್ತ ಗಾಳಿ ಬೇಕು.

ದೀಪಾವಳಿಗೆ ಊರಿಗೆ ಹೋದಾಗ ಶೆಡ್ಡಿನ ಮಾತು ತೆಗೆದೆ. ಪೇಟೆಯ ವೆಲ್ಡಿಂಗ್ ಶಾಪಿನವರು ಬಂದು ಅಳತೆ ತಗೊಂಡು, ಕಬ್ಬಿಣದ ಪೈಪು, ಬಣ್ಣದ ಶೀಟು ಎಲ್ಲಾ ಸೇರಿ 72,000 ಅಂದ್ರು. ನಾನು ಕೊಡ್ತೀನಿ ಅಂದೆ. ಅಪ್ಪ "ಕಾರಿಗೇ ಅಷ್ಟು ಬರೂದಿಲ್ಲ ಈಗ" ಅಂತ ಎಲೆ ಅಡಿಕೆ ಹಾಕ್ಕೊಂಡು ಸುಮ್ಮನಾದರು.

ಆಗ ಚಿಕ್ಕಪ್ಪ ಅಂದ್ರು, "ಅಲ್ಲ ಮಾರಾಯ, ಕೊಟ್ಟಿಗೆ ಖಾಲಿ ಬಿದ್ದದೆ. ಈಚೆ ಗೋಡೆ ಒಂದು ತೆಗೆದ್ರೆ ಕಾರು ಸಲೀಸು ಹೋಗ್ತದೆ. ಮಾಡು ಇದೆ, ನೆಲಕ್ಕೆ ಕಲ್ಲು ಹಾಸಿದೆ. ಎಂತಕ್ಕೆ ಬೇರೆ ಕಟ್ಟೂದು?"

ನಿಜ ಹೇಳಬೇಕಂದ್ರೆ ನಮ್ಮೆಲ್ಲರ ತಲೇಲೂ ಅದೇ ಇತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ ಅಷ್ಟೆ. 2021ರಲ್ಲಿ ಅಮ್ಮನ ಮಂಡಿನೋವು ಜಾಸ್ತಿಯಾಗಿ ಕೊನೆಯ ದನ ಗೌರೀನ ಕೊಟ್ಟುಬಿಟ್ವಿ. ಮಲೆನಾಡು ಗಿಡ್ಡ ತಳಿ, ಹೆಚ್ಚು ಹಾಲೇನೂ ಕೊಡ್ತಿರಲಿಲ್ಲ. ಆದರೆ ಗೌರಿ ಹೋದಮೇಲೂ ಅಮ್ಮ ಕೊಟ್ಟಿಗೆ ಗುಡಿಸೋದು ಬಿಟ್ಟಿಲ್ಲ, ಸಂಜೆ ಅಲ್ಲೊಂದು ದೀಪ ಇಡೋದು ಬಿಟ್ಟಿಲ್ಲ. ಗೋಪೂಜೆ ದಿನ ಖಾಲಿ ಗೂಟಕ್ಕೇ ಹೂವು ಮುಡಿಸ್ತಾರೆ.

ಅಡಿಗೆ ಮನೆಯಿಂದ ಅಮ್ಮನ ದನಿ ಬಂತು. "ಅದು ಕೊಟ್ಟಿಗೆ. ಅದರೊಳಗೆ ಕಾರು ಬರೂದು ಬ್ಯಾಡ."

ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟು ಮಳೆ ಬಗ್ಗೆ ಮಾತಾಡೋಕೆ ಶುರು ಮಾಡಿದ್ರು. ನನಗೆ ಒಳಗೊಳಗೆ ಸ್ವಲ್ಪ ಸಿಟ್ಟು ಬಂದಿದ್ದು ಹೌದು. ಯಾರಿಗೋಸ್ಕರ ಈ ಕಾರು ಒಣಗಿರಬೇಕು ಅಂತ ಒದ್ದಾಡ್ತಿದೀವಿ? ಆದ್ರೆ ಅಮ್ಮನ ಹತ್ತಿರ ಅದನ್ನ ಹೇಳೋ ಧೈರ್ಯ ನನಗಿರಲಿಲ್ಲ. ಅಪ್ಪನಿಗಂತೂ ಮೊದಲೇ ಇಲ್ಲ.

ಕೊಯ್ಲು ಮುಗಿದ ಮೇಲೆ, 2024ರ ಫೆಬ್ರುವರಿಯಲ್ಲಿ, ಒಂದು ವಾರ ರಜೆ ಹಾಕಿ ಹೋದೆ. ಕೊಟ್ಟಿಗೆಯ ಮೂಡುಗಡೆ ಗೋಡೆಯ ಪಕ್ಕ ಜಾಗ ಅಂತ ಆಚಾರ್ರು ತೀರ್ಮಾನ ಮಾಡಿದ್ರು. ನಮ್ಮ ಕಡೆ ಮಳೆಗಾಳಿ ಬರೋದು ಪಡುವಣದಿಂದ, ಇರಚಲನ್ನ ಕೊಟ್ಟಿಗೆ ತಡೀತದೆ. ಹಳೇ ಮಣ್ಣಿನ ಗೋಡೆ, ಅದರ ಮೇಲೆ ಭಾರ ಹಾಕೋದು ಬೇಡ, ಕಂಬ ಬೇರೆ ನಿಲ್ಲಿಸೋಣ ಅಂದ್ರು. ಹದಿನಾಲ್ಕು ಅಡಿ ಉದ್ದ, ಒಂಬತ್ತು ಅಡಿ ಅಗಲ. ಓಮ್ನಿ ಇರೋದು ಹನ್ನೊಂದು ಅಡಿ ಉದ್ದ, ನಾಲ್ಕೂಮುಕ್ಕಾಲು ಅಡಿಗೂ ಕಮ್ಮಿ ಅಗಲ. ಎತ್ತರ ಐದೂವರೆ ಅಡಿ ಅಂತ ನಾನು ಮೊಬೈಲ್ ನೋಡಿ ಬಹಳ ಗತ್ತಿನಿಂದ ಹೇಳಿದೆ. ಆಚಾರ್ರು ತಲೆ ಎತ್ತದೆ, "ಅದರ ತಲೆ ಮೇಲೆ ಕ್ಯಾರಿಯರ್ ಇದ್ಯಲ, ಅದು ಮೊಬೈಲಲ್ಲಿ ಉಂಟಾ?" ಅಂದ್ರು.

ಕಂಬಕ್ಕೆ ಅಡಿಕೆ ಮರ. ಕೊಂಡು ತರಬೇಕಾಗಿಲ್ಲ, ಅದೊಂದು ಕೊರತೆ ನಮಗಿಲ್ಲ. ಕೊಪ್ಪ ಶೃಂಗೇರಿ ಕಡೆಯವರಿಗೆ ಹಳದಿ ಎಲೆ ರೋಗದ ಬಗ್ಗೆ ವಿವರಿಸಬೇಕಾಗಿಲ್ಲ. ಅಜ್ಜ ನೆಟ್ಟ ಸಾಲಿನಲ್ಲಿ ಫಸಲು ನಿಂತು ಹೋದ ಹಳೇ ಮರಗಳನ್ನ ಅಪ್ಪ ಹಿಂದಿನ ತಿಂಗಳೇ ಕಡಿದು, ನೆರಳಲ್ಲಿ ಒಣಗಿಸಿಟ್ಟಿದ್ರು. ಕಡಿಯೋಕೆ ಕೃಷ್ಣಪಕ್ಷ ಕಾದರು, ಇಲ್ಲದಿದ್ರೆ ಕುಟ್ಟೆ ಹಿಡೀತದಂತೆ. ಒಂದೊಂದು ಮರವನ್ನೂ ಆಚಾರ್ರು ಕತ್ತಿ ಹಿಂಬದಿಯಲ್ಲಿ ಬಡಿದು ಸದ್ದು ಕೇಳಿ ಆರಿಸಿದ್ರು. ಎಳೇ ಮರ ಬರೀ ತಿರುಳು, ಹಳೇ ಮರದ ಹೊರ ಅಂಚು ಮಾತ್ರ ಕಬ್ಬಿಣದ ಹಾಗೆ. ಅದನ್ನ ನಂಬಿಯೇ ಕೆಲಸ.

ಅಡಿಕೆ ಕಂಬ ಎರಡು ಮಳೆಗಾಲಕ್ಕೆ ಬುಡದಲ್ಲಿ ಕೊಳೆತು ಹೋಗ್ತದಲ್ಲ ಅನ್ನೋದು ನನ್ನ ತಕರಾರು. ನೆಲದಲ್ಲಿ ಹೂತರೆ ತಾನೇ ಕೊಳೆಯೋದು, ಹೂಳೋದೇ ಬೇಡ ಅಂದ್ರು ಆಚಾರ್ರು. ಒಂದೂವರೆ ಅಡಿ ಗುಂಡಿ ತೆಗೆದು, ಕಾಂಕ್ರೀಟು ತುಂಬಿ, ಅದರಲ್ಲಿ ಕಬ್ಬಿಣದ ಎರಡೆರಡು ಪಟ್ಟಿ ನಿಲ್ಲಿಸಿದ್ವಿ. ಮೇಲೊಂದು ಜಂಬಿಟ್ಟಿಗೆ ಕಲ್ಲಿನ ತುಂಡು. ಕಂಬ ಕಲ್ಲಿನ ಮೇಲೆ ನಿಲ್ಲತ್ತೆ, ಪಟ್ಟಿ ಎರಡು ಕಡೆ ಹಿಡಕೊಂಡು ಬೋಲ್ಟು. ಬುಡಕ್ಕೆ ಕರಿ ಆಯಿಲ್ ಬಳಿದಿದ್ದಾಯ್ತು, ಅದೂ ಓಮ್ನಿಯದ್ದೇ. ಕಂಬಕ್ಕೆ ಮಣ್ಣು ಸೋಕೋದಿಲ್ಲ, ವರಲೆ ಹತ್ತಿದ್ರೆ ಕಣ್ಣಿಗೆ ಕಾಣತ್ತೆ. ಮುಂದೆ ಕಂಬ ಹಾಳಾದ್ರೂ ಬೋಲ್ಟು ಬಿಚ್ಚಿ ಬೇರೆ ನಿಲ್ಲಿಸಬಹುದು. ಆರು ಕಂಬ, ಗೋಡೆ ಕಡೆ ಮೂರು ಎತ್ತರದ್ದು, ಆಚೆ ಮೂರು ಗಿಡ್ಡ.

ಮಾಡಿಗೆ ಶೀಟೋ ಹಂಚೋ ಅಂತ ಅರ್ಧ ದಿನ ಜಗಳ. ನಾನು ಶೀಟು. ಅಪ್ಪ, ಆಚಾರ್ರು ಹಂಚು. ಹುಲ್ಲಿನ ಮನೆ ಕೆಡವಿದಾಗ ಪೇರಿಸಿಟ್ಟ ಮಂಗಳೂರು ಹಂಚು ಮುನ್ನೂರರಷ್ಟು ಹಿತ್ತಲಲ್ಲಿತ್ತು. ಲೆಕ್ಕ ಹಾಕಿದ್ವಿ. ನಮ್ಮ ಮಾಡಿಗೆ ಸುಮಾರು 270 ಹಂಚು, ಒಂದೊಂದು ಎರಡೂವರೆ ಕೇಜಿ ಅಂದ್ರೂ ಆರೂಮುಕ್ಕಾಲು ಕ್ವಿಂಟಾಲ್. ಅಷ್ಟೇ ಜಾಗಕ್ಕೆ ಶೀಟಾದ್ರೆ ಎಂಬತ್ತು ಕೇಜಿ ಆಸುಪಾಸು. ನೋಡಿ ಎಷ್ಟು ಹಗುರ ಅಂದೆ. "ಹಗುರ ಅಂತಲೇ ಹಾರೂದು" ಅಂದ್ರು ಅಪ್ಪ. ಸುತ್ತ ಗೋಡೆ ಇಲ್ಲದ ಶೆಡ್ಡಿಗೆ ಗಾಳಿ ಕೆಳಗಿಂದ ನುಗ್ಗಿ ಮಾಡನ್ನ ಮೇಲಕ್ಕೆ ಒದೆಯತ್ತೆ. ಹಿಂದಿನ ಮೇ ತಿಂಗಳ ಗಾಳಿಗೆ ಪಕ್ಕದೂರಿನವರ ಶೀಟು ಗದ್ದೆ ದಾಟಿ ಹೋಗಿತ್ತು. ಸೋತೆ. ಆದ್ರೆ ಹಂಚಿಗೆ ಇಳಿಜಾರು ಜಾಸ್ತಿ ಬೇಕು, ಎರಡಡಿಗೆ ಒಂದಡಿಯಾದ್ರೂ ಇಳೀಬೇಕು. ಇಲ್ಲದಿದ್ರೆ ನಮ್ಮ ಮಳೆಗೆ ನೀರು ಸಂದಿಯಲ್ಲಿ ಹಿಂದಕ್ಕೆ ನುಗ್ಗತ್ತೆ. ಹಾಗಾಗಿ ಆಚೆ ಕಂಬ ಆರೂವರೆ ಅಡಿ, ಈಚೆ ಕಂಬ ಹನ್ನೊಂದು.

ಅಡಿಕೆ ದಬ್ಬೆ ಸೀಳಿ ತಿರುಳು ಕೆತ್ತಿ ರೀಪು ಮಾಡಿದ್ದು ಅಪ್ಪ. ರೀಪಿಂದ ರೀಪಿಗೆ ಎಷ್ಟು ಅಂತರ ಅಂತ ಆಚಾರ್ರು ಟೇಪು ಹಿಡಿಯಲೇ ಇಲ್ಲ, ಒಂದು ಹಂಚನ್ನೇ ಇಟ್ಟು ಇಟ್ಟು ಗುರುತು ಹಾಕ್ತಾ ಹೋದ್ರು. ನನ್ನ ಪಾಲಿಗೆ ಬಂದಿದ್ದು ಹಂಚು ತಿಕ್ಕೋದು. ಪಾಚಿ ಹೋದಮೇಲೆ ಹೊಟ್ಟೆ ಮೇಲೆ ಅಚ್ಚೊತ್ತಿದ ಕಾರ್ಖಾನೆ ಹೆಸರುಗಳು ಮೇಲೆದ್ದವು. ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಅಂತ ಅಮ್ಮನಿಗೆ ಹೇಳಿದೆ. "ಹೌದಾ, ಆ ಮೂಲೇಲಿ ಇನ್ನೂ ಪಾಚಿ ಉಂಟು" ಅಂದ್ರು.

ನೆಲಕ್ಕೆ ಪೂರ್ತಿ ಕಾಂಕ್ರೀಟು ಹಾಕಲಿಲ್ಲ. ಅರ್ಧ ಅಡಿ ಎತ್ತರಿಸಿ, ಚಕ್ರ ಓಡಾಡೋ ಕಡೆ ಮಾತ್ರ ಎರಡಡಿ ಅಗಲದ ಎರಡು ಪಟ್ಟಿ. ಚಕ್ರದಿಂದ ಚಕ್ರಕ್ಕೆ ನಾಲ್ಕಡಿ. ನಡುವೆ ಜಲ್ಲಿ. ಕಾರಿಂದ ಇಳಿದ ಮಳೆನೀರು ಅಲ್ಲೇ ಇಂಗತ್ತೆ.

ಖರ್ಚು ಕೇಳ್ತೀರ ಅಂತ ಗೊತ್ತು. ಸಿಮೆಂಟು ಆರು ಮೂಟೆ 2,500. ಜಲ್ಲಿ ಮರಳು 3,500. ಪಟ್ಟಿ, ಬೋಲ್ಟು, ಮೊಳೆ, ತಂತಿ 1,800. ಆಚಾರ್ರು ಮತ್ತವರ ಹುಡುಗನಿಗೆ ಆರು ದಿನಕ್ಕೆ 11,400. ಒಟ್ಟು 19,200. ಅಪ್ಪನ ಕೂಲಿ, ನನ್ನ ರಜೆ, ಅಮ್ಮ ಹೊತ್ತುಹೊತ್ತಿಗೆ ಮಾಡಿ ಕೊಟ್ಟ ಕಾಫಿ ತಿಂಡಿ ಇದರಲ್ಲಿ ಸೇರಿಲ್ಲ. ಹಂಚು, ಮರ ಮನೇದು ಇಲ್ಲದವರಿಗೆ ಈ ಲೆಕ್ಕ ಉಪಯೋಗಕ್ಕೆ ಬರೋದಿಲ್ಲ, ಬೈಕೋಬೇಡಿ.

ಸೂರಾದ ಮಾತ್ರಕ್ಕೆ ಇಲಿ ಬರೋದಿಲ್ಲ ಅಂತಿಲ್ಲ. ಅದಕ್ಕೆ ಅಪ್ಪ ಎರಡು ಕಾನೂನು ಮಾಡಿದಾರೆ. ಶೆಡ್ಡಲ್ಲಿ ಅಡಿಕೆ ಮೂಟೆ, ತೆಂಗಿನಕಾಯಿ, ಸೌದೆ ಯಾವುದೂ ಇಡೋ ಹಾಗಿಲ್ಲ. ರಾತ್ರಿ ಕಾರಿನ ಸೀಟು ಎತ್ತಿಯೇ ಇಡಬೇಕು, ಒಳಗೆ ಕತ್ತಲೆ, ಬಿಸಿ ಉಳೀಬಾರದು. ಮಲಗೋ ಮುಂಚೆ ಟಾರ್ಚು ಹಿಡಕೊಂಡು ಹೋಗಿ ನೋಡಿ ಬರ್ತಾರೆ, ಹಿಂದೆ ಗೌರಿಗೆ ಹುಲ್ಲು ಹಾಕಿ ಬರ್ತಿದ್ದ ಹೊತ್ತಿಗೆ ಸರಿಯಾಗಿ. ಅಮ್ಮ ಪಕ್ಕದ ಕೊಟ್ಟಿಗೆಯಲ್ಲಿ ದೀಪ ಇಡೋದು ಮುಂದುವರಿದಿದೆ.

2025ರ ಆಗಸ್ಟಲ್ಲಿ ಒಂದು ಬೆಳಿಗ್ಗೆ ಆರು ಗಂಟೆಗೇ ಅಪ್ಪನ ಫೋನು. ಆ ಹೊತ್ತಲ್ಲಿ ಊರಿಂದ ಫೋನ್ ಬಂದ್ರೆ ಎದೆ ಧಸಕ್ಕನ್ನತ್ತೆ. ಆಸ್ಪತ್ರೆಯಿಂದ ಮಾಡ್ತಿದ್ರು. ರಾತ್ರಿ ಅಮ್ಮನಿಗೆ ಮತ್ತೆ ಉಬ್ಬಸ, ಹನ್ನೆರಡೂವರೆಗೆ ಹೊರಟು ಒಂದೂಕಾಲಿಗೆಲ್ಲ ಮುಟ್ಟಿದ್ರಂತೆ, ಈಗ ಮಲಗಿದಾರೆ, ನೀನು ಓಡಿ ಬರೂದು ಬ್ಯಾಡ ಅಂದ್ರು. ನನಗೆ ಮಾತು ಹೊರಡಲಿಲ್ಲ. ಅಪ್ಪನೇ ಮುಂದುವರಿಸಿದ್ರು.

"ಒಂದೇ ಸೆಲ್ಫಿಗೆ ಹತ್ಕಳ್ತು ಮಾರಾಯ."

ಆಮೇಲೆ ಸ್ವಲ್ಪ ತಡೆದು, "ಮಂಗ ಹಾರಿ ಕೆಳಗಿನ ಸಾಲಲ್ಲಿ ಎರಡು ಹಂಚು ಒಡೆದಿದಾವೆ. ಹಿತ್ತಲಲ್ಲಿ ಇನ್ನೊಂದು ಮೂವತ್ತು ಉಂಟಲ್ಲ, ನೀನು ಬಂದಾಗ ಹತ್ತಿ ಹಾಕು" ಅಂದ್ರು. ಹಿಂದಿನಿಂದ ಅಮ್ಮನ ಸಣ್ಣ ದನಿ ಕೇಳ್ತಿತ್ತು. ಎದ್ದಿದಾರೆ ಅಂತಾಯ್ತು. ಏನಂತೆ ಕೇಳಿ ಅಂದೆ. ಇವತ್ತು ಸಂಜೆ ಕೊಟ್ಟಿಗೆಗೆ ದೀಪ ಇಡೋರು ಯಾರು ಅಂತ ಕೇಳ್ತಿದಾರಂತೆ. ಚಿಕ್ಕಪ್ಪನಿಗೆ ಹೇಳಿದೀನಿ ಅಂತ ಹೇಳಿ ಫೋನಿಟ್ಟರು.