ಗೃಹಿಣಿಯ ಹೆಸರೂ ಆಕೆಯ ಮತವೂ

ಅಗಸ್ಟ್ ತಿಂಗಳ ೨೬ನೆಯ ದಿನವನ್ನು ಅಮೇರಿಕೆಯವರು ಸ್ತ್ರೀಸಮಾನತೆಯ ದಿನವೆಂದು ಆಚರಿಸುತ್ತಾರೆ. ೧೯೨೦ನೆಯ ಇಸವಿಯಲ್ಲಿ ಅದೇ ದಿನ ಅಲ್ಲಿಯ ರಾಜ್ಯಘಟನೆಗೆ ಹತ್ತೊಂಬತ್ತನೆಯ ತಿದ್ದುಪಡಿಯು ಸೇರಿ, ಹೆಂಗಸೆಂಬ ಕಾರಣದಿಂದ ಯಾರಿಗೂ ಮತವನ್ನು ನಿರಾಕರಿಸಕೂಡದೆಂದು ಗೊತ್ತಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆ ತೋಟಗಳ ನಡುವೆ ಬಾಳುವ ನಮಗೂ ಆ ದೂರದೇಶದ ಹಬ್ಬಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟೆಂದೇ ನಮಗೆ ತೋರುತ್ತದೆ. ಅದನ್ನು ಹೇಳಲು ಸಮುದ್ರ ದಾಟಬೇಕಾಗಿಲ್ಲ. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯವರೆಗೆ ಹೋದರೆ ಸಾಕು.

ಮೊದಲು ಮತದ ಮಾತು. ೧೯೧೭ರಲ್ಲಿ ಸರೋಜಿನೀದೇವಿಯವರ ಮುಂದಾಳುತನದಲ್ಲಿ ಸ್ತ್ರೀಯರ ನಿಯೋಗವೊಂದು ಮದರಾಸಿನಲ್ಲಿ ಮಾಂಟೆಗೂ ಸಾಹೇಬರನ್ನು ಕಂಡು, ಗಂಡಸರಿಗೆ ಸಿಗುವ ಮತವು ತಮಗೂ ಸಿಗಬೇಕೆಂದು ಕೇಳಿತು. ೧೯೨೧ರಲ್ಲಿ ಮದರಾಸು, ಮುಂಬಯಿ ಪ್ರಾಂತಗಳು ಈ ಬಾಗಿಲನ್ನು ತೆರೆದವು. ನಮ್ಮ ಜಿಲ್ಲೆಯು ೧೮೬೨ರಲ್ಲಿಯೇ ಮದರಾಸನ್ನು ಬಿಟ್ಟು ಮುಂಬಯಿಗೆ ಸೇರಿದ್ದಿತಾದ್ದರಿಂದ, ನಮ್ಮ ಹೆಣ್ಣುಮಕ್ಕಳಿಗೂ ಕಾನೂನಿನ ಮಾತಿನಲ್ಲಿ ಮತವು ಬಂದಿತು. ಆದರೆ ಆಗ ಮತವು ಮನುಷ್ಯನಿಗಲ್ಲ, ಆಸ್ತಿಗೆ ಇದ್ದಿತು. ತೋಟಗದ್ದೆಗಳ ದಾಖಲೆಯಲ್ಲಿ ಹೆಸರಿದ್ದುದು ಗಂಡಸಿನದು. ಸೊಪ್ಪು ಹೊತ್ತು, ಅಡಕೆ ಸುಲಿದು, ಬೇಯಿಸಿ, ಒಣಗಿಸಿ, ಆರಿಸಿ ಕೊಟ್ಟ ಕೈಗೆ ಮತವಿರಲಿಲ್ಲ. ೧೯೨೬ರಲ್ಲಿ ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನಸಭೆಗೆ ನಿಂತು ಅಲ್ಪ ಮತಗಳಿಂದ ಸೋತರು. ಸೋತರೂ ದಾರಿಯನ್ನು ತೋರಿಸಿದರು. ೧೯೩೫ರ ಶಾಸನವು ಆಸ್ತಿವಂತನ ಹೆಂಡತಿಗೂ ವಿಧವೆಗೂ ಮತವನ್ನು ಕೊಟ್ಟಿತು. ಅಲ್ಲಿಯೂ ಆಕೆಯ ಯೋಗ್ಯತೆಯು ಗಂಡನ ಆಸ್ತಿಯೇ ಆಗಿದ್ದಿತು.

ಈಗ ಮಾವಿನಗುಂಡಿಯ ಮಾತು. ಕರನಿರಾಕರಣೆಯ ಆ ದಿನಗಳಲ್ಲಿ ಸಿದ್ದಾಪುರ, ಅಂಕೋಲೆಗಳ ರೈತರು ಭೂಕಂದಾಯವನ್ನು ಕೊಡೆವೆಂದರು. ಸರಕಾರವು ದನಕರುಗಳನ್ನೂ ಪಾತ್ರೆಪಡಗಗಳನ್ನೂ ಭೂಮಿಯನ್ನೂ ಜಪ್ತಿಮಾಡಿ ಲಿಲಾವಿಗೆ ಹಚ್ಚಿತು. ಗಂಡಸರು ಸೆರೆಮನೆ ಸೇರಿದರು. ಆಗ ೧೯೩೨ರಲ್ಲಿ ಹೆಂಗಸರು ಮಾವಿನಗುಂಡಿಗೆ ನಡೆದು, ಜಪ್ತಿಯ ಆಸ್ತಿಯನ್ನು ಕೊಂಡವನ ಮನೆಯ ಮುಂದೆ ಉಪವಾಸ ಕುಳಿತರು. ಬೈಯಲಿಲ್ಲ, ಕಲ್ಲೆಸೆಯಲಿಲ್ಲ, ಅನ್ನವನ್ನು ಬಿಟ್ಟರು. ಇಂದು ಅಲ್ಲಿ ಅವರ ಸ್ಮಾರಕವಿದೆ. ಕಂದಾಯದ ಭೂಮಿಯು ಗಂಡನದು. ಅದು ಹೋದಾಗ ಬಂದ ಹಸಿವು ಮಾತ್ರ ಹೆಂಡತಿಯದೂ ಆಯಿತು. ಮತವನ್ನು ಹೆಂಗಸರಿಗೆ ಯಾರೋ ದಯಮಾಡಿ ದಾನವಿತ್ತರೆಂದು ಹೇಳುವವರು ಈ ಉಪವಾಸವನ್ನು ನೆನೆಯಬೇಕು. ದೇಶವು ಅವರನ್ನು ಮತದಾರರೆಂದು ಕರೆಯುವ ಮೊದಲೇ ಅವರು ದೇಶದ ಕೆಲಸವನ್ನು ಮಾಡಿದ್ದರು.

೧೯೫೦ರ ರಾಜ್ಯಘಟನೆಯು ಆಸ್ತಿಯನ್ನೂ ಅಕ್ಷರವನ್ನೂ ಕೇಳದೆ ಪ್ರತಿಯೊಬ್ಬ ವಯಸ್ಕರಿಗೂ ಮತವನ್ನು ಕೊಟ್ಟಿತು. ಆದರೂ ೧೯೫೧-೫೨ರ ಮೊದಲನೆಯ ಮಹಾಚುನಾವಣೆಯ ಯಾದಿಯಿಂದ ಸುಮಾರು ೨೮ ಲಕ್ಷ ಹೆಂಗಸರು ಹೊರಗುಳಿದರು. ಅವರು ತಮ್ಮ ಹೆಸರನ್ನು ಹೇಳದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಯಿಸಿದ್ದರು. ಹೆಸರಿಲ್ಲದವರಿಗೆ ಮತವಿಲ್ಲವೆಂದು ಚುನಾವಣಾಧಿಕಾರಿಯಾದ ಸುಕುಮಾರ ಸೇನರು ಅವರನ್ನು ಯಾದಿಯಿಂದ ತೆಗೆದುಹಾಕಿಸಿದರು. ಇವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತದವರೆಂಬುದು ದಿಟ. ಆದರೆ ನಾವು ನಗುವಂತಿಲ್ಲ. ಮದುವೆಯ ದಿನ ಸೊಸೆಗೆ ಹೊಸ ಹೆಸರಿಟ್ಟು, ತವರಿನ ಹೆಸರನ್ನು ಮರೆಯಿಸಿದ ಮನೆಗಳು ನಮ್ಮಲ್ಲಿಯೂ ಇದ್ದವು. ಅತ್ತೆ, ಅತ್ತಿಗೆ, ಆಯಿ ಎಂದು ಜೀವಮಾನವೆಲ್ಲ ಕರೆಯಿಸಿಕೊಂಡ ಹಿರಿಯಳ ನಿಜವಾದ ಹೆಸರೇನೆಂದು ಮೊಮ್ಮಕ್ಕಳನ್ನು ಕೇಳಿ ನೋಡಿರಿ. ಎಷ್ಟು ಮಂದಿ ತಡವರಿಸದೆ ಹೇಳುವರು?

ನಮ್ಮ ಸೀಮೆಗೆ ಹೆಮ್ಮೆಯ ಸಂಗತಿಯೂ ಉಂಟು. ಸಿದ್ದಾಪುರದ ದೊಡ್ಮನೆಯಿಂದ ಬಂದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದಾಗ, ಅಬ್ದುಲ್ ನಜೀರ್‌ಸಾಬರ ಶ್ರಮದಿಂದ ೧೯೮೩ರ ಪಂಚಾಯತ ಶಾಸನವು ಹುಟ್ಟಿ, ೧೯೮೭ರ ಚುನಾವಣೆಯಲ್ಲಿ ನಾಲ್ಕರಲ್ಲೊಂದು ಸ್ಥಾನವು ಸ್ತ್ರೀಯರಿಗೆ ಮೀಸಲಾಯಿತು. ೧೯೯೩ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಇಡೀ ದೇಶಕ್ಕೆ ಮೂರರಲ್ಲೊಂದನ್ನು ಕೊಟ್ಟಿತು. ಕರ್ನಾಟಕದ ಪಂಚಾಯತಗಳಲ್ಲಿ ಇಂದು ಅದು ಅರ್ಧಕ್ಕೆ ಏರಿದೆ. ಆದರೆ ಸದಸ್ಯೆಯು ಕುರ್ಚಿಯಲ್ಲಿ ಕುಳಿತು ಆಕೆಯ ಗಂಡನು ಮಾತನಾಡಿದರೆ, ಆ ಅರ್ಧವು ಕಾಗದದ ಮೇಲಿನ ಅರ್ಧವೇ ಸರಿ.

ತೋಟದ ಮಾತಂತೂ ಇನ್ನೂ ಸೂಕ್ಷ್ಮವಾದುದು. ಕರ್ನಾಟಕದ ೧೯೯೪ರ ತಿದ್ದುಪಡಿಯೂ ೨೦೦೫ರ ಕೇಂದ್ರದ ಕಾನೂನೂ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆಯೇ ಪಾಲುಂಟೆಂದು ಹೇಳಿವೆ. ಪಾಲನ್ನು ಕೇಳಿದ ಮಗಳಿಗೆ ತವರಿನ ದಾರಿ ಮುಚ್ಚೀತೆಂಬ ಭಯವನ್ನು ಮಾತ್ರ ಯಾವ ಕಾನೂನೂ ತೆಗೆಯಲಾರದು. ಹಬ್ಬಕ್ಕೆ ಕರೆದು, ಉಡಿ ತುಂಬಿ, ಹಕ್ಕು ಬಿಟ್ಟೆನೆಂಬ ಕಾಗದಕ್ಕೆ ಸಹಿ ಹಾಕಿಸುವದು ಪ್ರೀತಿಯಲ್ಲ. ಆಕೆ ಮನಃಪೂರ್ವಕವಾಗಿ ಬಿಟ್ಟರೆ ಅದು ಆಕೆಯ ಔದಾರ್ಯ. ಬಿಡುವ ಮೊದಲು ಅದು ತನ್ನದೆಂಬುದು ಆಕೆಗೆ ತಿಳಿದಿರಬೇಕು.

ಇದರಿಂದ ಮನೆಯ ಸಾಮರಸ್ಯವು ಕೆಡುವದೆಂದು ಕೆಲವು ಹಿರಿಯರು ಅಂಜುವರು. ಅವರ ಅಂಜಿಕೆಯನ್ನು ನಾವು ಹಗುರಾಗಿ ಕಾಣೆವು. ಆದರೆ ಒಬ್ಬಳ ಮೌನದ ಮೇಲೆ ನಿಂತ ಸಾಮರಸ್ಯವು ಗೆದ್ದಲು ಹಿಡಿದ ಕಂಬದಂತೆ. ಮೇಲೆ ಬಣ್ಣವಿದ್ದರೂ ಭಾರವನ್ನು ಹೊರಲಾರದು.

ಆದಕಾರಣ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಮತದಾರರ ಯಾದಿಯನ್ನು ತರಿಸಿ, ಮನೆಯ ಹೆಣ್ಣುಮಕ್ಕಳ ಹೆಸರುಗಳು ಸರಿಯಾಗಿ ಇವೆಯೋ ನೋಡಿರಿ. ಮತ ಯಾರಿಗೆಂದು ಅಪ್ಪಣೆ ಕೊಡಬೇಡಿರಿ; ಚರ್ಚಿಸಿರಿ, ಅವರ ಮಾತನ್ನೂ ಕೇಳಿರಿ. ತೋಟದ ಕಾಗದಗಳನ್ನು ಬಿಚ್ಚಿದಾಗ ಅವರನ್ನೂ ಹತ್ತಿರ ಕೂಡ್ರಿಸಿಕೊಳ್ಳಿರಿ. ಮಾವಿನಗುಂಡಿಯ ಆ ತಾಯಂದಿರಿಗೆ ಇದಕ್ಕಿಂತ ಮಿಗಿಲಾದ ಪೂಜೆ ಬೇರೊಂದಿಲ್ಲ.